ವ್ಯಾಟ್ ಇಳಿಸಿದರೆ ಆಟ ಓಡುತ್ತದೆ

ಏಪ್ರಿಲ್ ತಿಂಗಳ ಮಧ್ಯಾಹ್ನ, ಪರೀಕ್ಷೆ ಮುಗಿದಿದೆ. ಹಾಸ್ಟೆಲ್ಲು, ಪಿಜಿ, ಮನೆ, ಎಲ್ಲಿ ಇಣುಕಿದರೂ ಹಾಸಿಗೆಯ ಮೇಲೊಂದು ಗೇಮಿಂಗ್ ಲ್ಯಾಪ್‌ಟಾಪ್, ಅದರೆದುರು ಬೆನ್ನು ಬಾಗಿಸಿ ಕೂತ ಹುಡುಗರು. ಮೊದಲ ಐದು ನಿಮಿಷ ಆಟ ನೀರು ಹರಿದ ಹಾಗೆ ಸಾಗುತ್ತದೆ. ಹತ್ತನೇ ನಿಮಿಷಕ್ಕೆ ಫ್ಯಾನು ಕಿರುಚತೊಡಗುತ್ತದೆ, ಕೀಬೋರ್ಡಿನ ನಡುಭಾಗ ಬೆರಳಿಗೆ ಸುಡುತ್ತದೆ, ಎದುರಾಳಿ ಕಾಣಿಸಿಕೊಂಡ ಕ್ಷಣದಲ್ಲೇ ಪರದೆ ತಡವರಿಸುತ್ತದೆ. ‘ಮಗಾ, ಲ್ಯಾಗ್ ಆಗ್ತಿದೆ’ ಎಂಬ ಕೂಗು ಕೇಳುತ್ತದೆ. ಬೈಗುಳ ಮೊದಲು ವೈಫೈಗೆ, ಆಮೇಲೆ ಆಟಕ್ಕೆ, ಕೊನೆಗೆ ಲ್ಯಾಪ್‌ಟಾಪ್ ಮಾಡಿದ ಕಂಪನಿಗೆ. ಆಮೇಲೆ ಕೈ ತಾನಾಗಿ ಹೋಗುವುದು ‘ಟರ್ಬೊ’ ಎಂದೋ ‘ಪರ್ಫಾರ್ಮೆನ್ಸ್’ ಎಂದೋ ಬರೆದ ಗುಂಡಿಯ ಕಡೆಗೆ. ಆ ಗುಂಡಿ ಫ್ಯಾನಿನ ವೇಗವನ್ನು ಹೆಚ್ಚಿಸುವುದು ನಿಜ, ಆದರೆ ಚಿಪ್ಪಿಗೆ ಹರಿಯುವ ವಿದ್ಯುತ್ತನ್ನೂ ಹೆಚ್ಚಿಸುತ್ತದೆ. ಫ್ಯಾನು ಆಗಲೇ ಪೂರ್ತಿ ತಿರುಗುತ್ತಿದ್ದು, ತಳದ ಕಿಂಡಿಗಳು ಹಾಸಿಗೆಯಲ್ಲಿ ಹುದುಗಿಹೋಗಿದ್ದರೆ, ರೋಗಕ್ಕೆ ಕಾರಣವಾದದ್ದನ್ನೇ ಇನ್ನೊಂದು ಚಮಚ ಕುಡಿಸಿದಂತಾಯಿತು.

ಲ್ಯಾಪ್‌ಟಾಪಿನಲ್ಲಿ ಆಟ ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನು ಚಿಪ್ಪಿನ ಶಕ್ತಿಗಿಂತ ಹೆಚ್ಚಾಗಿ ಆ ತೆಳು ಪೆಟ್ಟಿಗೆ ಹೊರಹಾಕಬಲ್ಲ ಶಾಖವೇ ತೀರ್ಮಾನಿಸುತ್ತದೆ. ಇದನ್ನು ಒಪ್ಪಿಕೊಂಡರೆ ಪರಿಹಾರದ ದಿಕ್ಕು ತಿರುಗುತ್ತದೆ. ಯಂತ್ರದಿಂದ ಹೆಚ್ಚು ಹಿಂಡುವ ಬದಲು, ಅದು ಗಂಟೆಗಟ್ಟಲೆ ತಾಳಿಕೊಳ್ಳಬಲ್ಲಷ್ಟನ್ನೇ ಕೇಳುವುದು ಹೆಚ್ಚು ಫಲ ಕೊಡುತ್ತದೆ. ಮೇಲ್ನೋಟಕ್ಕೆ ಇದು ಸೋತವರ ಮಾತಿನಂತೆ ಕೇಳಬಹುದು. ಲೆಕ್ಕ ನೋಡಿದರೆ ಹಾಗನ್ನಿಸುವುದಿಲ್ಲ.

ಒಳಗೆ ಹೋದ ವಿದ್ಯುತ್ತೆಲ್ಲ ಶಾಖವೇ

ಫ್ಯಾನಿಗೆ ಕೊಟ್ಟ ವಿದ್ಯುತ್ತು ಗಾಳಿಯಾಗುತ್ತದೆ, ಪಂಪಿಗೆ ಕೊಟ್ಟದ್ದು ನೀರನ್ನು ಮೇಲೆತ್ತುತ್ತದೆ. ಪ್ರೊಸೆಸರಿಗೆ ಕೊಟ್ಟದ್ದು ಮಾತ್ರ ಕಡೆಗೆ ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಉಳಿಯುತ್ತದೆ. ಲೆಕ್ಕ ಮಾಡಿದ್ದು ಒಂದು ಉಪಫಲ ಅಷ್ಟೇ. ಇಂಟೆಲ್‌ನ ಕೋರ್ ಐ7-12700ಎಚ್ ಎಂಬ ಜನಪ್ರಿಯ ಲ್ಯಾಪ್‌ಟಾಪ್ ಚಿಪ್ಪಿನ ಮೂಲ ಮಿತಿ 45 ವ್ಯಾಟ್, ಟರ್ಬೊ ಸ್ಥಿತಿಯಲ್ಲಿ ಅದು 115 ವ್ಯಾಟ್‌ವರೆಗೂ ಎಳೆದುಕೊಳ್ಳಬಲ್ಲದು. ಅದರ ಪಕ್ಕದಲ್ಲಿ ಕೂರುವ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಚಿಪ್ಪಿಗೆ ತಯಾರಕರು 60ರಿಂದ 115 ವ್ಯಾಟ್ ನಿಗದಿ ಮಾಡುತ್ತಾರೆ. ಎರಡೂ ಒಟ್ಟಿಗೆ ದುಡಿದರೆ ನೂರೈವತ್ತು ವ್ಯಾಟ್ ಸಮೀಪಿಸುವುದು ಕಷ್ಟವೇನಲ್ಲ. ಹಳೆಯ ಕಾಲದ ನೂರು ವ್ಯಾಟಿನ ಬುರುಡೆ ಬಲ್ಬು ಉರಿಯುವಾಗ ಮುಟ್ಟಿ ಕೈ ಸುಟ್ಟುಕೊಂಡವರಿಗೆ, ಅಂಥ ಒಂದೂವರೆ ಬಲ್ಬನ್ನು ಎರಡು ಬೆರಳು ದಪ್ಪದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಈ ಶಾಖವನ್ನು ಹೊರಗೆ ಸಾಗಿಸುವ ವ್ಯವಸ್ಥೆ ನಿಜಕ್ಕೂ ಜಾಣತನದ್ದು. ಚಿಪ್ಪಿನ ನೆತ್ತಿಗೆ ತಾಮ್ರದ ತಟ್ಟೆ, ತಟ್ಟೆಗೆ ಅಂಟಿದ ಚಪ್ಪಟೆ ತಾಮ್ರದ ಕೊಳವೆಗಳು. ಹೀಟ್ ಪೈಪ್ ಎನ್ನುವ ಈ ಕೊಳವೆಗಳ ಒಳಗೆ ಗಾಳಿ ತೆಗೆದು ಒಂದಿಷ್ಟು ನೀರು ತುಂಬಿ ಬೆಸುಗೆ ಹಾಕಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಬಿಸಿ ತುದಿಯಲ್ಲಿ ನೀರು ಬೇಗ ಆವಿಯಾಗುತ್ತದೆ, ಫ್ಯಾನಿನ ಬಳಿಯ ತಂಪು ತುದಿಗೆ ಓಡಿ ಮತ್ತೆ ನೀರಾಗುತ್ತದೆ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರದ ಮೂಲಕ ಹೀರಿಕೊಂಡು ವಾಪಸು ಬರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ರೂಪಿಸಿದ ಈ ಸಾಧನವನ್ನು ಬಾಹ್ಯಾಕಾಶ ನೌಕೆಗಳಲ್ಲೂ ಬಳಸುತ್ತಾರೆ. ಆದರೆ ಕೊಳವೆ ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆಯೇ ಹೊರತು ಕರಗಿಸುವುದಿಲ್ಲ. ಕೊನೆಗೆ ಅದನ್ನು ಹೊತ್ತೊಯ್ಯಬೇಕಾದದ್ದು ಕೋಣೆಯ ಗಾಳಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಸೇರುವ ಒಂದೇ ಕೊಳವೆ ಇರುವುದರಿಂದ ಒಬ್ಬರ ಬಿಸಿ ಇನ್ನೊಬ್ಬರ ಮೈಗೂ ತಟ್ಟುತ್ತದೆ.

ತಡವರಿಕೆ ಎಂಬ ಆತ್ಮರಕ್ಷಣೆ

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ತಂತ್ರಜ್ಞಾನ ತಾಣ ಒಂದು ಕ್ರೂರ ಪ್ರಯೋಗ ಮಾಡಿ ವಿಡಿಯೊ ಹೊರತಂದಿತ್ತು. ಕ್ವೇಕ್ 3 ಆಟ ಓಡುತ್ತಿರುವಾಗಲೇ ಪ್ರೊಸೆಸರಿನ ಮೇಲಿನ ಲೋಹದ ತಂಪುಗಟ್ಟಿಯನ್ನು (ಹೀಟ್ ಸಿಂಕ್) ಕಿತ್ತುಹಾಕಿದರು. ಅಂದಿನ ಎಎಂಡಿ ಅಥ್ಲಾನ್ ಚಿಪ್ ಕ್ಷಣಗಳಲ್ಲಿ ಸುಟ್ಟು ಹೊಗೆಯಾಡಿತು. ಇಂಟೆಲ್‌ನ ಪೆಂಟಿಯಂ 4 ಮಾತ್ರ ಸಾಯಲಿಲ್ಲ. ಆಟ ಆಮೆಯಂತಾಯಿತು, ತಂಪುಗಟ್ಟಿಯನ್ನು ಮತ್ತೆ ಇಟ್ಟಾಗ ಹಳೆಯ ವೇಗಕ್ಕೆ ಮರಳಿತು. ಥ್ರಾಟ್ಲಿಂಗ್ ಎಂದು ಇಂದಿನ ಹುಡುಗರು ಶಪಿಸುವ ಸಂಗತಿ ಇದೇ. ಈಗ ಎಲ್ಲ ಕಂಪನಿಗಳ ಚಿಪ್ಪುಗಳಲ್ಲೂ ಇದು ಉಂಟು. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಮಿತಿ 100 ಡಿಗ್ರಿ ಸೆಲ್ಸಿಯಸ್. ಆ ಗೆರೆ ಮುಟ್ಟಿದೊಡನೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಮೊದಲ ಐದು ನಿಮಿಷ ಏಕೆ ಚೆನ್ನಾಗಿರುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ತಾಮ್ರದ ತಟ್ಟೆ, ಕೊಳವೆ, ಅದರ ತಂಪು ತುದಿಯ ತೆಳು ರೆಕ್ಕೆಗಳು, ಹೊರಕವಚ ಎಲ್ಲವೂ ಆರಂಭದಲ್ಲಿ ತಣ್ಣಗಿದ್ದು ಶಾಖವನ್ನು ಕುಡಿಯುತ್ತ ಹೋಗುತ್ತವೆ. ಅವು ತುಂಬಿದ ಮೇಲೆ ಲ್ಯಾಪ್‌ಟಾಪಿನ ನಿಜವಾದ ಯೋಗ್ಯತೆ ಬಯಲಾಗುತ್ತದೆ. ಅಲ್ಲಿಂದ ಮುಂದೆ ಹೊರಗೆ ಹೋದಷ್ಟೇ ಶಾಖ ಒಳಗೆ ಹುಟ್ಟಬಹುದು. ತೊಂದರೆ ಏನೆಂದರೆ, ಸ್ವಯಂರಕ್ಷಣೆಯ ಈ ವ್ಯವಸ್ಥೆ ಆಟದ ಲಯವನ್ನು ನೋಡಿಕೊಂಡು ಕೆಲಸ ಮಾಡುವುದಿಲ್ಲ. ಗೆರೆ ಮುಟ್ಟಿದಾಗ ತಟ್ಟನೆ ಇಳಿಸುತ್ತದೆ, ತುಸು ತಣಿದಾಗ ಮತ್ತೆ ಏರಿಸುತ್ತದೆ, ಮತ್ತೆ ಗೆರೆ ಮುಟ್ಟುತ್ತದೆ. 60 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ 60 ಚಿತ್ರ (ಫ್ರೇಮ್) ಎಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್. ಸರಾಸರಿ 60 ಇದ್ದೂ ನಡುನಡುವೆ ಒಂದೊಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಕಣ್ಣಿಗೆ ಅದು ಮುಗ್ಗರಿಕೆಯಾಗಿಯೇ ಕಾಣುತ್ತದೆ. ಸರಾಸರಿ 50 ಇದ್ದು ಏರಿಳಿತವಿಲ್ಲದ ಆಟವೇ ಕೈಗೆ ಹಿತ. ಎಫ್‌ಪಿಎಸ್ ಸರಾಸರಿಯನ್ನೇ ಹಿಡಿದು ಜಗಳವಾಡುವವರು ಇದನ್ನು ಮರೆಯುತ್ತಾರೆ.

ದೂಳು, ಪೇಸ್ಟು, ಕೋಣೆಯ ಗಾಳಿ

ಮೊದಲು ಶಾಖ ಹೊರಹೋಗುವ ದಾರಿ ತೆರೆದಿದೆಯೇ ನೋಡಬೇಕು. ಎರಡು ವರ್ಷ ಬಳಸಿದ ಲ್ಯಾಪ್‌ಟಾಪಿನ ಫ್ಯಾನು ಮತ್ತು ತಾಮ್ರದ ರೆಕ್ಕೆಗಳ ನಡುವೆ ಹತ್ತಿಯ ಎಳೆ, ಕೂದಲು, ದೂಳು ಸೇರಿ ಕಂಬಳಿಯಂಥ ಪದರ ಕಟ್ಟಿರುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ, ತಳದ ಮುಚ್ಚಳ ಬಿಚ್ಚಿ ಬ್ರಷ್ಷಿನಿಂದಲೋ ಗಾಳಿ ಊದುವ ಸಾಧನದಿಂದಲೋ ತೆಗೆಯಬೇಕು. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದುಕೊಳ್ಳುವುದು ಕ್ಷೇಮ, ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಇನ್ನೊಂದು ಜಾಗ ಥರ್ಮಲ್ ಪೇಸ್ಟಿನದು. ಚಿಪ್ಪು, ತಾಮ್ರ ಎರಡೂ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮ ಗುಂಡಿಗಳಿರುತ್ತವೆ, ಅಲ್ಲಿ ಗಾಳಿ ಕೂತರೆ ಕೆಲಸ ಕೆಟ್ಟಿತು. ತಾಮ್ರಕ್ಕೆ ಹೋಲಿಸಿದರೆ ಗಾಳಿ ಸುಮಾರು 15,000 ಪಟ್ಟು ಕೆಟ್ಟ ಶಾಖವಾಹಕ. ಆ ಗುಂಡಿ ತುಂಬುವ ಪೇಸ್ಟು ವರ್ಷಗಳ ಬಿಸಿ-ತಂಪಿನಲ್ಲಿ ಒಣಗಿ, ಅಂಚಿಗೆ ಸರಿದುಹೋಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಿಡಿದು ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿವರೆಗೆ ಇದನ್ನು ಬದಲಿಸಿಕೊಡುವವರಿದ್ದಾರೆ. ವಾರಂಟಿ ಇರುವವರು ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸುವುದು ಒಳ್ಳೆಯದು. ಲಿಕ್ವಿಡ್ ಮೆಟಲ್ ಹಾಕಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ. ಗ್ಯಾಲಿಯಂ ಬೆರೆತ ಆ ದ್ರವದಲ್ಲಿ ವಿದ್ಯುತ್ತು ಹರಿಯುತ್ತದೆ, ಒಂದು ಹನಿ ಜಾರಿದರೆ ಶಾರ್ಟ್ ಆಗಬಹುದು, ಅಲ್ಯೂಮಿನಿಯಂ ಭಾಗಗಳನ್ನಂತೂ ಅದು ತಿಂದುಹಾಕುತ್ತದೆ.

ಕೂಲಿಂಗ್ ಪ್ಯಾಡ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದರ ಲಾಭದ ದೊಡ್ಡ ಪಾಲು ಲ್ಯಾಪ್‌ಟಾಪನ್ನು ಮೇಲೆತ್ತಿ ತಳಕ್ಕೆ ಗಾಳಿ ಬಿಡುವುದರಲ್ಲಿದೆ, ಅದನ್ನು ಗಟ್ಟಿ ಮೇಜು ಮತ್ತು ಹಿಂಬದಿಗೆ ಇಟ್ಟ ಎರಡು ಮರದ ತುಂಡುಗಳೂ ಮಾಡುತ್ತವೆ.

ಕೋಣೆಯ ಉಷ್ಣತೆಯ ಪಾತ್ರವನ್ನು ಮಾತ್ರ ಬಹುತೇಕರು ಕಡೆಗಣಿಸುತ್ತಾರೆ. ಚಿಪ್ ಎಷ್ಟು ಬಿಸಿಯಾಗುತ್ತದೆ ಎಂಬುದು ಸುತ್ತಲಿನ ಗಾಳಿಗಿಂತ ಎಷ್ಟು ಮೇಲೆ ಎಂಬ ಲೆಕ್ಕ. 25 ಡಿಗ್ರಿಯ ಕೋಣೆಯಲ್ಲಿ 70 ವ್ಯಾಟ್ ಉರಿಸುವ ಚಿಪ್ 95 ಡಿಗ್ರಿಯಲ್ಲಿ ನಿಲ್ಲುತ್ತದೆ ಎಂದುಕೊಳ್ಳೋಣ, ಅಂದರೆ ಏರಿಕೆ 70 ಡಿಗ್ರಿ. ಅದೇ ಯಂತ್ರವನ್ನು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬೇಸಿಗೆಯ 40 ಡಿಗ್ರಿ ಕೋಣೆಯಲ್ಲಿಟ್ಟರೆ 95ಕ್ಕೆ ಉಳಿದಿರುವುದು 55 ಡಿಗ್ರಿ ಅಂತರ, ಹೊರಹಾಕಬಲ್ಲದ್ದು ಸುಮಾರು 55 ವ್ಯಾಟ್. ಯಾರ ತಪ್ಪೂ ಇಲ್ಲದೆ ಶೇ 20ಕ್ಕಿಂತ ಹೆಚ್ಚು ಖೋತಾ. ಇನ್ನೊಂದು ತಮಾಷೆಯೂ ಉಂಟು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಗಾಳಿ ಮಂಗಳೂರಿನದಕ್ಕಿಂತ ಶೇ 9ರಷ್ಟು ತೆಳು, ಫ್ಯಾನು ಅಷ್ಟೇ ತಿರುಗಿದರೂ ಹೊತ್ತೊಯ್ಯುವ ಶಾಖ ಕಡಿಮೆ. ಬೆಂಗಳೂರಿನ ತಂಪು ಆ ನಷ್ಟವನ್ನು ತುಂಬಿಕೊಡುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಘನದ ಲೆಕ್ಕ

ದಾರಿ ತೆರೆದ ಮೇಲೂ ಮಿತಿ ಮಿತಿಯೇ. ಇಲ್ಲಿಂದ ಮುಂದೆ ಬೇಕಾದದ್ದು ಸ್ಕ್ರೂಡ್ರೈವರ್ ಅಲ್ಲ, ಗಣಿತ. ಚಿಪ್ ಉರಿಸುವ ವಿದ್ಯುತ್ತು ಅದರ ವೇಗಕ್ಕೆ ನೇರ ಅನುಪಾತದಲ್ಲೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲೂ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ಹಾಗಾಗಿ ಮೇಲಿನ ವೇಗಗಳಲ್ಲಿ ವಿದ್ಯುತ್ತು ಸರಿಸುಮಾರು ವೇಗದ ಘನದಷ್ಟು ಏರುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ವೇಗವನ್ನು ಶೇ 10 ಇಳಿಸಿದಾಗ ಶಾಖ ಶೇ 27ರಷ್ಟು ಇಳಿಯುತ್ತದೆ. ಕಲಬುರಗಿಯ ಕೋಣೆಯಲ್ಲಿ ಕಳೆದುಹೋದ ಶೇ 20ಕ್ಕೂ ಹೆಚ್ಚಿನ ಶಾಖದ ಬೆಲೆ ವೇಗದಲ್ಲಿ ಬರೀ ಶೇ 8ರಷ್ಟು. ಅದನ್ನು ಮೊದಲೇ ಲೆಕ್ಕ ಹಾಕಿ ಇಳಿಸಿಕೊಂಡರೆ ಆಡುವವರಿಗೆ ಗೊತ್ತೂ ಆಗುವುದಿಲ್ಲ. ಚಿಪ್ಪಿಗೇ ಬಿಟ್ಟರೆ ಅದು ಎಳೆದಾಡಿ ಇಳಿಸುತ್ತದೆ, ಆಟ ತಡವರಿಸುತ್ತದೆ. ಬಿಸಿಯಾದ ಚಿಪ್ಪಿನಲ್ಲಿ ಸೋರಿಕೆಯ ವಿದ್ಯುತ್ತೂ ಹೆಚ್ಚುವುದರಿಂದ ತಣ್ಣಗಿಟ್ಟ ಚಿಪ್ ಅದೇ ಕೆಲಸಕ್ಕೆ ಇನ್ನೂ ಸ್ವಲ್ಪ ಕಡಿಮೆ ಉರಿಸುತ್ತದೆ ಎಂಬುದು ಹೆಚ್ಚುವರಿ ಲಾಭ.

ಇದನ್ನು ಜಾರಿಗೆ ತರುವ ಅತ್ಯಂತ ಸುಲಭ ದಾರಿ ಫ್ರೇಮುಗಳಿಗೆ ಮಿತಿ ಹಾಕುವುದು. ಪರದೆ ಸೆಕೆಂಡಿಗೆ 60 ಸಲ ಮಾತ್ರ ಬದಲಾಗುವಾಗ ಗ್ರಾಫಿಕ್ಸ್ ಚಿಪ್ 110 ಫ್ರೇಮ್ ಬಿಡಿಸುತ್ತಿದ್ದರೆ ಹೆಚ್ಚಿನ 50ರ ಶ್ರಮವೆಲ್ಲ ಶಾಖಕ್ಕೆ. ಆಟದ ಸೆಟ್ಟಿಂಗಿನಲ್ಲೋ ಗ್ರಾಫಿಕ್ಸ್ ಡ್ರೈವರಿನಲ್ಲೋ ಒಂದು ಸಂಖ್ಯೆ ಬರೆದರೆ ಮುಗಿಯಿತು. ಎರಡನೆಯದು ಪಿಕ್ಸೆಲ್ ಲೆಕ್ಕ. 1920×1080 ಎಂದರೆ ಒಂದು ಫ್ರೇಮಿಗೆ 20.7 ಲಕ್ಷ ಚುಕ್ಕಿ, 1280×720ಕ್ಕೆ 9.2 ಲಕ್ಷ. ಕಡಿಮೆ ಚುಕ್ಕಿಯಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರಗಳು ಇದೇ ಅಂತರವನ್ನು ಬಳಸಿಕೊಳ್ಳುತ್ತವೆ. ನೆರಳಿನ ಗುಣಮಟ್ಟವನ್ನು ‘ಅಲ್ಟ್ರಾ’ದಿಂದ ‘ಹೈ’ಗೆ ಇಳಿಸಿದರೆ ಓಡುತ್ತ ಗುಂಡು ಹಾರಿಸುವವರ ಕಣ್ಣಿಗೆ ಬೀಳುವುದು ಅಪರೂಪ. ಮೂರನೆಯದು ಪ್ರೊಸೆಸರಿನದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ಪೂರ್ತಿ ನಿಲ್ಲುತ್ತದೆ, ಉಷ್ಣತೆ ಥಟ್ಟನೆ ಇಳಿಯುತ್ತದೆ. ಇದು ಸ್ವಲ್ಪ ಒರಟು ಮದ್ದು. ಗ್ರಾಫಿಕ್ಸ್ ಮೇಲೆ ಭಾರ ಬೀಳುವ ಸೈಬರ್‌ಪಂಕ್ 2077ರಂಥ ಆಟಗಳಲ್ಲಿ ಲಾಭ, ಏಕೆಂದರೆ ಪ್ರೊಸೆಸರ್ ಬಿಟ್ಟುಕೊಟ್ಟ ಶಾಖದ ಪಾಲು ಗ್ರಾಫಿಕ್ಸಿಗೆ ಸಿಗುತ್ತದೆ. ಪ್ರೊಸೆಸರನ್ನೇ ಹೆಚ್ಚು ನೆಚ್ಚಿದ ವ್ಯಾಲೊರಂಟ್‌ನಂಥ ಆಟಗಳಲ್ಲಿ ಫ್ರೇಮು ಇಳಿಯುತ್ತದೆ. ವ್ಯಾಟ್ ಮಿತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಲು ತಯಾರಕರ ಆ್ಯಪ್ ಅವಕಾಶ ಕೊಟ್ಟರೆ ಅದೇ ನಯವಾದ ದಾರಿ.

ಅಂಡರ್‌ವೋಲ್ಟಿಂಗ್ ಇವೆಲ್ಲಕ್ಕಿಂತ ಚೊಕ್ಕ. ವೇಗವನ್ನು ಹಾಗೇ ಇಟ್ಟು ವೋಲ್ಟೇಜನ್ನು ಮಾತ್ರ ಶೇ 5 ಇಳಿಸಿದರೆ ವರ್ಗದ ನಿಯಮದಂತೆ ಶಾಖ ಸುಮಾರು ಶೇ 10 ಇಳಿಯುತ್ತದೆ. ಕಂಪನಿಗಳು ಲಕ್ಷಾಂತರ ಚಿಪ್ಪುಗಳಲ್ಲಿ ತೀರಾ ದುರ್ಬಲವಾದದ್ದೂ ಎಡವದಿರಲೆಂದು ವೋಲ್ಟೇಜನ್ನು ಅಗತ್ಯಕ್ಕಿಂತ ತುಸು ಮೇಲಿಟ್ಟಿರುವುದರಿಂದ ಇದು ಸಾಧ್ಯ. ಇದರಿಂದ ಚಿಪ್ ಸುಡುವುದಿಲ್ಲ. ಹೆಚ್ಚು ಇಳಿಸಿದರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ಉಳಿಸದ ಕೆಲಸ ಹೋಗುತ್ತದೆ, ಹಳೆಯ ಸಂಖ್ಯೆಗೆ ಮರಳಬೇಕಾಗುತ್ತದೆ. ಆದರೆ ಎಲ್ಲರಿಗೂ ಈ ಬಾಗಿಲು ತೆರೆದಿಲ್ಲ. 2019ರ ಡಿಸೆಂಬರಿನಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳ ಸಂಶೋಧಕರು ಪ್ಲಂಡರ್‌ವೋಲ್ಟ್ ಎಂಬ ದೋಷವನ್ನು ಬಯಲು ಮಾಡಿದರು. ವೋಲ್ಟೇಜನ್ನು ಬೇಕೆಂದೇ ಏರುಪೇರು ಮಾಡಿ ಇಂಟೆಲ್ ಚಿಪ್ಪಿನ ಗುಪ್ತ ಭಾಗದ ರಹಸ್ಯಗಳನ್ನು ಕದಿಯಬಹುದೆಂದು ಅವರು ತೋರಿಸಿದ ಮೇಲೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯಕ್ಕೆ ಬೀಗ ಬಿತ್ತು. ಗ್ರಾಫಿಕ್ಸ್ ಚಿಪ್ಪಿನ ವೋಲ್ಟೇಜನ್ನು ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶದಿಂದ ಇಳಿಸುವ ದಾರಿ ಬಹಳಷ್ಟು ಯಂತ್ರಗಳಲ್ಲಿ ಈಗಲೂ ಇದೆ.

ಕೊಟ್ಟ ದುಡ್ಡಿಗೆ ಮೋಸವಲ್ಲವೇ?

ಲಕ್ಷ ರೂಪಾಯಿ ಕೊಟ್ಟು ಕೊಂಡ ಯಂತ್ರವನ್ನು ನಾವೇ ಕೈಕಟ್ಟಿ ಕೂರಿಸುವುದೇ ಎಂಬ ಆಕ್ಷೇಪ ಸಹಜ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ವೇಗ ಅರೆಗಳಿಗೆಯದು, ಅದನ್ನು ಗಂಟೆಗಟ್ಟಲೆ ಕೊಡುತ್ತೇವೆಂದು ಯಾರೂ ಮಾತು ಕೊಟ್ಟಿಲ್ಲ. ವಿದ್ಯುತ್ತನ್ನು ಹೇಗೆ ನಿರ್ವಹಿಸುತ್ತೇವೆ ಎಂಬುದೇ ವೇಗವನ್ನು ಬದಲಿಸಬಲ್ಲದು ಎಂಬುದಕ್ಕೆ 2018ರ ಮ್ಯಾಕ್‌ಬುಕ್ ಪ್ರೊ ಪ್ರಕರಣ ಸಾಕ್ಷಿ. ಅದರ ಕೋರ್ ಐ9 ಮಾದರಿ ಸತತ ಕೆಲಸದಲ್ಲಿ ಕುಸಿಯುತ್ತಿದೆ ಎಂದು ದೂರು ಬಂದಾಗ, ಉಷ್ಣತೆ ನಿಭಾಯಿಸುವ ಫರ್ಮ್‌ವೇರಿನಲ್ಲಿ ಒಂದು ಡಿಜಿಟಲ್ ಕೀ ಬಿಟ್ಟುಹೋಗಿದೆ ಎಂದು ಆ್ಯಪಲ್ ಒಪ್ಪಿಕೊಂಡು ಅಪ್‌ಡೇಟ್ ಬಿಟ್ಟಿತು. ಒಂದು ಸ್ಕ್ರೂ ಬದಲಿಸದೆ, ಅದೇ ತಾಮ್ರ, ಅದೇ ಫ್ಯಾನಿನಲ್ಲಿ ಯಂತ್ರ ಚೇತರಿಸಿಕೊಂಡಿತು. ಇನ್ನೂ ಬಲವಾದ ಸಾಕ್ಷಿ ವಾಲ್ವ್ ಕಂಪನಿ 2022ರಲ್ಲಿ ತಂದ ಸ್ಟೀಮ್ ಡೆಕ್. ಕೈಯಲ್ಲಿ ಹಿಡಿದು ಆಡುವ ಈ ಕಂಪ್ಯೂಟರಿನ ಚಿಪ್ಪಿಗೆ 4ರಿಂದ 15 ವ್ಯಾಟ್ ಮಾತ್ರ, ಪರದೆ 1280×800. ಪರದೆಯನ್ನು 40 ಹರ್ಟ್ಸ್‌ಗೆ ಇಳಿಸಿ 40 ಫ್ರೇಮಿಗೆ ಮಿತಿ ಹಾಕುವ ಸೌಲಭ್ಯವನ್ನು ಅದರಲ್ಲೇ ಇಟ್ಟಿದ್ದಾರೆ. 40 ಎಂದರೆ ಫ್ರೇಮಿಗೆ 25 ಮಿಲಿಸೆಕೆಂಡ್, 30 ಮತ್ತು 60ರ ಫ್ರೇಮ್ ಅವಧಿಗಳ ಸರಿಯಾದ ನಡು. ಸೈಬರ್‌ಪಂಕ್ 2077 ಆಟದಲ್ಲಿ ಈ ಪುಟ್ಟ ಯಂತ್ರಕ್ಕೆಂದೇ ಸಿದ್ಧ ಸೆಟ್ಟಿಂಗ್ ಇದೆ.

ಸ್ಪರ್ಧೆಗೆ ಆಡುವವರ ವಾದದಲ್ಲಿ ಹೆಚ್ಚು ತೂಕವಿದೆ. ಪರದೆಯ ವೇಗಕ್ಕಿಂತ ಹೆಚ್ಚು ಫ್ರೇಮ್ ಬಂದರೆ ಮೌಸಿನ ಚಲನೆ ತುಸು ಬೇಗ ತೆರೆಗೆ ಮುಟ್ಟುತ್ತದೆ ಎಂಬುದು ನಿಜ. ಅವರು 60ಕ್ಕೆ ಕಟ್ಟಿಹಾಕಿಕೊಳ್ಳಬೇಕಿಲ್ಲ. ಇಪ್ಪತ್ತು ನಿಮಿಷ ಆಡಿದ ಮೇಲೆ ಯಂತ್ರ 130ಕ್ಕೆ ಇಳಿಯುತ್ತಿದ್ದರೆ ಮೊದಲಿನಿಂದಲೇ 120ಕ್ಕೆ ನಿಲ್ಲಿಸಿಕೊಳ್ಳಲಿ, ಬೆರಳಿಗೆ ರೂಢಿಯಾಗುವುದು ಬದಲಾಗದ ಲಯವೇ. ಚಿಪ್ 100 ಡಿಗ್ರಿ ತಾಳುವಂತೆಯೇ ರೂಪಿಸಲಾಗಿದೆ, ಗಾಬರಿ ಏಕೆ ಎನ್ನುವವರೂ ಅರ್ಧ ಸರಿ. ಚಿಪ್ ತಾಳುತ್ತದೆ. ಅದೇ ಪೆಟ್ಟಿಗೆಯಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿ ಬಿಸಿಯಲ್ಲಿ ಬೇಗ ಮುಪ್ಪಾಗುತ್ತದೆ, ಪೂರ್ತಿ ಚಾರ್ಜ್ ಆಗಿಯೇ ಇದ್ದರೆ ಇನ್ನೂ ಬೇಗ. ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಹಲವು ಲ್ಯಾಪ್‌ಟಾಪ್‌ಗಳಲ್ಲಿರುವುದು ಅದಕ್ಕೇ. ಟಚ್‌ಪ್ಯಾಡ್ ಉಬ್ಬಿಕೊಂಡಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಅಂಥದ್ದನ್ನು ಒತ್ತಬಾರದು, ಚಾರ್ಜಿಗೆ ಹಾಕಬಾರದು.

ಎಲ್ಲ ತಪ್ಪೂ ಬಿಸಿಯದಲ್ಲ

ಬಿಸಿಯೇ ಕಾರಣವೆಂದು ತೀರ್ಮಾನಿಸುವ ಮೊದಲು ಎಚ್‌ಡಬ್ಲ್ಯೂಇನ್‌ಫೋದಂಥ ತಂತ್ರಾಂಶದಲ್ಲಿ ಉಷ್ಣತೆ, ವ್ಯಾಟ್, ವೇಗ ಮೂರನ್ನೂ ಒಟ್ಟಿಗೆ ನೋಡಬೇಕು. ಆಟ ತೆವಳುವಾಗ ಚಿಪ್ 70 ಡಿಗ್ರಿಯಲ್ಲೇ ಇದ್ದರೆ ದೂಳು ಒರೆಸಿ ಪ್ರಯೋಜನವಿಲ್ಲ. ಬ್ಯಾಟರಿಯ ಮೇಲೆ ಆಡುತ್ತಿದ್ದರೆ ಗ್ರಾಫಿಕ್ಸ್ ಚಿಪ್ಪಿಗೆ ಪೂರ್ತಿ ವ್ಯಾಟ್ ಸಿಗುವುದೇ ಇಲ್ಲ, ಮೂಲ ಚಾರ್ಜರ್ ಬದಲಿಗೆ ಸಣ್ಣ ಟೈಪ್-ಸಿ ಚಾರ್ಜರ್ ಹಾಕಿದ್ದರೂ ಅಷ್ಟೇ. ಒಂದೇ ರ‍್ಯಾಮ್ ಪಟ್ಟಿ ಹಾಕಿ ಮಾರುವ ಲ್ಯಾಪ್‌ಟಾಪ್‌ಗಳು ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯ. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರದಲ್ಲಿ ಎರಡನೇ ಪಟ್ಟಿ ಹಾಕಿಸಿದರೆ ಯಾವ ಕೂಲಿಂಗ್ ಪ್ಯಾಡೂ ಕೊಡಲಾರದಷ್ಟು ವ್ಯತ್ಯಾಸ ಕಾಣುತ್ತದೆ, ಏಕೆಂದರೆ ಅಲ್ಲಿ ಚಿತ್ರ ಬಿಡಿಸುವ ಭಾಗವೂ ಅದೇ ಮೆಮೊರಿಯನ್ನು ಹಂಚಿಕೊಳ್ಳುತ್ತದೆ.

ಅಂಗಡಿಯಲ್ಲಿ ಕೇಳದ ಪ್ರಶ್ನೆ

ಸಮಸ್ಯೆಯ ಬೇರು ಕೊಳ್ಳುವ ಹೊತ್ತಿನಲ್ಲೇ ಇರುತ್ತದೆ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಲ್ಲಿ 35 ವ್ಯಾಟಿನಿಂದ 115 ವ್ಯಾಟಿನವರೆಗಿನ ಲ್ಯಾಪ್‌ಟಾಪ್ ಚಿಪ್ಪುಗಳು ಬರುತ್ತವೆ. ತೆಳುವಾದ ಯಂತ್ರದ 4060, ದಪ್ಪ ಯಂತ್ರದ ಹಿಂದಿನ ತಲೆಮಾರಿನ 3060ಕ್ಕಿಂತ ಹಿಂದೆ ಬಿದ್ದರೆ ಅಚ್ಚರಿಪಡಬೇಕಿಲ್ಲ. ಡೆಸ್ಕ್‌ಟಾಪಿನ 4090ಕ್ಕೆ 450 ವ್ಯಾಟ್ ಇದ್ದರೆ ಅದೇ ಹೆಸರು ಹೊತ್ತ ಲ್ಯಾಪ್‌ಟಾಪ್ ಚಿಪ್ಪಿಗೆ ನಿಗದಿಯಾದ ಮೂಲ ಮಿತಿ 150. ಹಿಂದಿನ ತಲೆಮಾರಿನ ಚಿಪ್ಪುಗಳ ಕಾಲದಲ್ಲೇ ಇಂಥ ಗೊಂದಲದ ಬಗ್ಗೆ ದೂರು ಹೆಚ್ಚಿದಾಗ, 2021ರಲ್ಲಿ, ವ್ಯಾಟ್ ಸಂಖ್ಯೆಯನ್ನು ಮಾದರಿಯ ವಿವರದಲ್ಲಿ ನಮೂದಿಸಬೇಕೆಂದು ಎನ್ವಿಡಿಯಾ ತಯಾರಕರಿಗೆ ಹೇಳಿತು. ತಯಾರಕರ ಜಾಲತಾಣದ ಮೂಲೆಯಲ್ಲಿ ಅದು ಸಿಗುತ್ತದೆ, ಅಂಗಡಿಯ ಬೆಲೆಚೀಟಿಯಲ್ಲಿ ಅದನ್ನು ಕಾಣುವುದು ಕಷ್ಟ. ಮಾರುವವರು ಹೇಳುವುದು ಪರದೆಯ ಹರ್ಟ್ಸ್, ಕೀಬೋರ್ಡಿನ ಬಣ್ಣದ ದೀಪ, ತೂಕ ಎಷ್ಟು ಕಡಿಮೆ ಎಂಬುದು. ತೂಕ ಇಳಿಸಿದ್ದರಲ್ಲಿ ತಾಮ್ರದ್ದೂ ಪಾಲಿರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪ್ರದರ್ಶನಕ್ಕಿಟ್ಟ ಯಂತ್ರ ಆನ್ ಇದ್ದರೆ ಗ್ರಾಹಕರೇ ಒಂದು ನಿಮಿಷದಲ್ಲಿ ನೋಡಿಕೊಳ್ಳಬಹುದು. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಂ ಇನ್ಫರ್ಮೇಶನ್ ಒತ್ತಿದರೆ ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಅಲ್ಲಿ 60 ಎಂದಿದ್ದರೆ, ನೂರರದ್ದು ಇದೆಯೇ, ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಎಂದು ಅಲ್ಲೇ ಕೇಳಬಹುದು.